ಕಾಣದವರ ಕನ್ನಡ ಓದು: ಸ್ನಾತಕೋತ್ತರ ಅಧ್ಯಯನದಲ್ಲಿ ಪಠ್ಯ, ಲಿಪಿ ಮತ್ತು ಪರೀಕ್ಷೆ

ಉನ್ನತ ಶಿಕ್ಷಣ ಮತ್ತು ಅಂಗವೈಕಲ್ಯ ಎಂಬ ವಿಷಯವು ನಮ್ಮ ವಿಶ್ವವಿದ್ಯಾಲಯಗಳ ಸಭೆಗಳಲ್ಲಿ ಚರ್ಚೆಗೆ ಬಂದಾಗಲೆಲ್ಲ ಮಾತು ಬಹುಮಟ್ಟಿಗೆ ಇಳಿಜಾರು ಹಾದಿ, ಲಿಫ್ಟು, ಶೌಚಾಲಯಗಳ ಬಳಿಗೆ ಬಂದು ನಿಂತುಬಿಡುತ್ತದೆ. ಇವು ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಕಟ್ಟಡದ ಒಳಗೆ ಬಂದ ವಿದ್ಯಾರ್ಥಿಯು ಪಠ್ಯದ ಒಳಗೂ ಬರಬಲ್ಲನೇ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಕನ್ನಡ ವಿಭಾಗಗಳ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚಿನದು. ಕಟ್ಟಡದ ಹೊಣೆಯನ್ನು ಆಡಳಿತದ ಮೇಲೆ ಹೊರಿಸಬಹುದು. ಪಠ್ಯದ ಹೊಣೆ ಮಾತ್ರ ಅಧ್ಯಾಪಕರಾದ ನಮ್ಮದೇ. ಕನ್ನಡ ಎಂ.ಎ. ತರಗತಿಗೆ ಸೇರುವ ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳು ಎದುರಿಸುವ ಮುಖ್ಯ ತೊಡಕು ಅವರ ಕಣ್ಣಿನಲ್ಲಿಲ್ಲ, ನಾವು ಅಚ್ಚು ಹಾಕಿಸುತ್ತಿರುವ ಪುಸ್ತಕಗಳ ಲಿಪಿಸಂಕೇತದಲ್ಲಿಯೂ ನಾವು ಕೇಳುವ ಪ್ರಶ್ನೆಗಳ ಸ್ವರೂಪದಲ್ಲಿಯೂ ಇದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಿವುಡು, ಚಲನವೈಕಲ್ಯ, ಕಲಿಕಾ ನ್ಯೂನತೆ ಮೊದಲಾದವು ತಮ್ಮದೇ ಆದ ಅಧ್ಯಯನವನ್ನು ಬೇಡುವುದರಿಂದ ಅವನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮೊದಲಿಗೆ ಪರಿಭಾಷೆಯ ಬಗೆಗೆ ಒಂದು ಮಾತು. ‘ಅಂಗವಿಕಲ’ ಎಂಬ ಪದವನ್ನು ಹಿಂದಕ್ಕೆ ಸರಿಸಿ ಸರ್ಕಾರಿ ಕನ್ನಡವು ‘ವಿಕಲಚೇತನ’ ಎಂಬುದನ್ನು ಬಳಕೆಗೆ ತಂದಿತು. ಸಂಬಂಧಪಟ್ಟ ಇಲಾಖೆಯ ಹೆಸರಿನಲ್ಲಿಯೂ ಅದೇ ಪದ ಸೇರಿತು. ಬದಲಾವಣೆಯ ಹಿಂದೆ ಇದ್ದುದು ಗೌರವದ ಆಶಯವೇ. ಆದರೆ ಸಮಾಸವನ್ನು ಬಿಡಿಸಿ ನೋಡಿದರೆ ಅಂಗದಲ್ಲಿದ್ದ ವೈಕಲ್ಯವು ಚೇತನಕ್ಕೆ ವರ್ಗವಾಗಿರುವುದು ಕಾಣುತ್ತದೆ! ಅನಂತರ ‘ವಿಶೇಷಚೇತನ’ ಬಂದಿತು. 2015ರ ಕೊನೆಯಿಂದ ‘ದಿವ್ಯಾಂಗ’ವೂ ಪ್ರಚಾರಕ್ಕೆ ಬಂದಿತು. ಕನ್ನಡದ ಆಡುನುಡಿಯಲ್ಲಿ ‘ಕಣ್ಣು ಕಾಣದವರು’ ಎಂಬ ನೇರವಾದ ಮಾತಿದೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ಕರುಣೆಯೂ ಇಲ್ಲ. ಈ ಲೇಖನದಲ್ಲಿ ಅದನ್ನೂ ‘ಅಂಧ’ ಎಂಬ ಪದವನ್ನೂ ಬಳಸಲಾಗಿದೆ.

ಕಾನೂನಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 13.24 ಲಕ್ಷ. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3ರಷ್ಟು ಸ್ಥಾನಗಳನ್ನು ಕಾದಿರಿಸಿತ್ತು. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿದ ಬಳಿಕ ರೂಪುಗೊಂಡ 2016ರ ಅಧಿನಿಯಮವು ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಟ್ಟಿತು. ಡಿಸೆಂಬರ್ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮೀಸಲಾತಿಯನ್ನು ಪಾಲಿಸಬೇಕೆಂದು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ನಿರ್ದೇಶನ ನೀಡಿತು. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಸುಗಮ್ಯತೆಯ ಮಾರ್ಗಸೂಚಿಗಳನ್ನು ಹೊರಡಿಸಿತು. ಹೀಗೆ ಸೀಟು ದೊರೆಯುವ ಮಟ್ಟಿಗೆ ಹಾದಿ ತೆರೆದಿದೆ. ಸೀಟು ದೊರೆತ ಮಾರನೆಯ ದಿನದಿಂದ ಆಗುವುದೇನು ಎಂಬುದನ್ನು ಒಬ್ಬ ವಿದ್ಯಾರ್ಥಿಯ ಅನುಭವದ ಮೂಲಕ ನೋಡಬಹುದು.

ಯಲಹಂಕದ ಆಸುಪಾಸಿನಲ್ಲಿ ಪಾಠ ಹೇಳುತ್ತಿರುವ ಈ ಲೇಖಕನ ತರಗತಿಗೆ ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಕಡೆಯ ಒಬ್ಬ ವಿದ್ಯಾರ್ಥಿ ಸೇರಿದ. ಹುಟ್ಟಿನಿಂದಲೇ ಕಣ್ಣು ಕಾಣದವನು. ಬಸ್ಸಿನಲ್ಲಿ ಬಂದು, ಇಳಿದು, ಬಿಳಿಕೋಲು ಹಿಡಿದು ಒಬ್ಬನೇ ತರಗತಿಗೆ ಬರುತ್ತಿದ್ದ. ಉತ್ತರ ಬೆಂಗಳೂರಿನ ರಸ್ತೆಗಳನ್ನು ಬಲ್ಲವರಿಗೆ ಇದು ಎಂಥ ಸಾಹಸವೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಶವಂತಪುರಕ್ಕೆ 2014ರಲ್ಲಿ ಮೆಟ್ರೊ ಬಂದಾಗ ನಿಲ್ದಾಣದಲ್ಲಿ ಪಾದಕ್ಕೆ ತಿಳಿಯುವ ಉಬ್ಬುಪಟ್ಟಿಯೂ ಕನ್ನಡದ ಧ್ವನಿಪ್ರಕಟಣೆಯೂ ಬಂದವು. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ರಸ್ತೆ ದಾಟುವವನಿಗೆ ಅಂಥದೇನೂ ಇಲ್ಲ. ಆದರೂ ಅವನು ದಾರಿಯ ಬಗೆಗೆ ಎಂದೂ ದೂರಲಿಲ್ಲ. ಮೊದಲ ವಾರದ ಕೊನೆಯಲ್ಲಿ ಅವನು ಕೇಳಿದ್ದು ಒಂದೇ ಮಾತು: “ಸರ್, ಪಠ್ಯ ಯೂನಿಕೋಡಿನಲ್ಲಿದೆಯೇ?” ಅಂದು ಈ ಲೇಖಕನಿಗೆ ಆ ಪ್ರಶ್ನೆಯ ಅರ್ಥವೇ ಆಗಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಪ್ರಶ್ನೆಯ ಅರ್ಥ ಹೀಗಿದೆ. ಇಂದಿನ ಅಂಧ ಓದುಗರು ಬಹುಪಾಲು ‘ಪರದೆ ಓದುಗ’ ಎಂಬ ತಂತ್ರಾಂಶವನ್ನು ಅವಲಂಬಿಸಿದ್ದಾರೆ. ಇದು ಗಣಕದ ಅಥವಾ ಮೊಬೈಲಿನ ಪರದೆಯ ಮೇಲಿರುವ ಬರಹವನ್ನು ಮಾತಾಗಿ ಉಚ್ಚರಿಸುತ್ತದೆ. ಆಸ್ಟ್ರೇಲಿಯದಲ್ಲಿ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಧ್ವನಿಯಂತ್ರವು ಕನ್ನಡವನ್ನೂ ಓದಬಲ್ಲದು. ಆದರೆ ಅದು ಓದುವುದು ಅಕ್ಷರದ ಆಕಾರವನ್ನಲ್ಲ, ಆಕಾರದ ಹಿಂದಿರುವ ಸಂಕೇತವನ್ನು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸ್ಥಾನವಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಹಾಗಿಲ್ಲ. ಅಲ್ಲಿ ರೋಮನ್ ಲಿಪಿಯ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೆರೆಯಿರುವ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೊಂದು ‘ಎ’, ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ, ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಕಣ್ಣಿರುವವನಿಗೆ ಅದು ‘ಕನ್ನಡ’ವಾಗಿಯೇ ಕಾಣುತ್ತದೆ. ಕಿವಿಯಿಂದ ಓದುವವನಿಗೆ ಈ ಸರಮಾಲೆಯೇ ಕೇಳುತ್ತದೆ.

ಇದು ಕೆಲವೇ ಪುಸ್ತಕಗಳ ಸಮಸ್ಯೆಯಲ್ಲ. ಬಹುಕಾಲ ಕನ್ನಡದ ಪುಟವಿನ್ಯಾಸವು ಪೇಜ್‌ಮೇಕರ್ ತಂತ್ರಾಂಶವನ್ನು ನೆಚ್ಚಿಕೊಂಡಿತ್ತು; ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುವುದಿಲ್ಲ. ಪ್ರಸಾರಾಂಗಗಳು ಹೊರತಂದ ಪಠ್ಯಪುಸ್ತಕಗಳು, ಅಭಿನಂದನ ಗ್ರಂಥಗಳು, ವಿಚಾರ ಸಂಕಿರಣದ ಸಂಪುಟಗಳು, ಈಗ ಓದುಗರ ಕೈಯಲ್ಲಿರುವಂಥ ಸಂಶೋಧನ ಪತ್ರಿಕೆಗಳು, ಪಿಎಚ್.ಡಿ. ಪ್ರಬಂಧಗಳು ಹೆಚ್ಚಾಗಿ ಈ ಹಳೆಯ ಫಾಂಟುಗಳಲ್ಲಿಯೇ ಸಿದ್ಧವಾದವು. ಅಂಗವೈಕಲ್ಯದ ಕುರಿತು ನಾವು ಬರೆದ ಲೇಖನವನ್ನೇ ಅಂಧ ವಿದ್ಯಾರ್ಥಿ ಓದಲಾರದಂತೆ ಅಚ್ಚು ಮಾಡಿಸಿರುತ್ತೇವೆ. ಇನ್ನು ಹಳೆಯ ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿದ ಪುಟಗಳು ಕೇವಲ ಚಿತ್ರಗಳು. ಅವುಗಳ ಮುಂದೆ ಪರದೆ ಓದುಗವು ಮೌನವಾಗಿರುತ್ತದೆ.

ಸಹಪಾಠಿಗಳು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಕನ್ನಡಕ್ಕೆ ಕೇಳ್ಮೆಯ ದೊಡ್ಡ ಪರಂಪರೆಯೇ ಇದೆ. ಕುಮಾರವ್ಯಾಸನ ಕಾವ್ಯವು ಗಮಕಿಗಳ ಕಂಠದಿಂದ ಅಕ್ಷರ ಬಾರದವರ ಕಿವಿಗಳಿಗೂ ತಲಪಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ತಾವು ಕಣ್ಣು ಕಾಣದವರಾಗಿದ್ದೂ ಅಸಂಖ್ಯ ಅಂಧ ಮಕ್ಕಳಿಗೆ ಸಂಗೀತವಿದ್ಯೆ ನೀಡಿದರು. ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆಯನ್ನೂ ಮಾಡಿದರು. ಆದರೆ ಈ ಮಹತ್ತ್ವದ ನಿದರ್ಶನವನ್ನು ನಮ್ಮ ಸಮಾಜವು ‘ಕಣ್ಣು ಕಾಣದವರಿಗೆ ಸಂಗೀತವೇ ಸರಿ’ ಎಂಬ ಸುಲಭ ತೀರ್ಮಾನಕ್ಕೆ ಇಳಿಸಿಕೊಂಡಿದೆ. ಅದು ಆ ಗವಾಯಿಗಳಿಗೇ ಸಲ್ಲದ ಮಾತು.

ಕೇಳುವುದು ಬೇರೆ, ಅಧ್ಯಯನ ಮಾಡುವುದು ಬೇರೆ. ಧ್ವನಿಮುದ್ರಿಕೆಗೆ ಪುಟಸಂಖ್ಯೆಯಿಲ್ಲ, ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಎರಡು ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲಾಗದು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಹಳಗನ್ನಡದಲ್ಲಿ ಎದುರಾಗುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ದೇಹವನ್ನು ವಾದ್ಯಕ್ಕೂ ನಾಲಗೆಯನ್ನು ಅದನ್ನು ನುಡಿಸುವ ಕೋಲಿಗೂ ಹೋಲಿಸಿ ಅಕ್ಷರವನ್ನು ಮೊದಲಿಗೆ ನಾದವಾಗಿಯೇ ವಿವರಿಸುತ್ತಾನೆ. ಅವನ ವ್ಯಾಕರಣವು ಕಿವಿಯ ವ್ಯಾಕರಣ. ರಳ, ಕುಳ, ಕ್ಷಳಗಳ ಭೇದವನ್ನು ಅವನು ಅಷ್ಟು ಎಚ್ಚರದಿಂದ ಹೇಳುವುದು ಅದಕ್ಕಾಗಿಯೇ. ಇಂದಿನ ನಮ್ಮ ಬಾಯಲ್ಲಿ ೞಕಾರವೂ ಳಕಾರವೂ ಒಂದೇ. ಱಕಾರವೂ ರಕಾರವೂ ಒಂದೇ. ಕಣ್ಣಿರುವ ವಿದ್ಯಾರ್ಥಿಗೆ ಅಚ್ಚಿನ ಪುಟ ಈ ಭೇದವನ್ನು ತೋರಿಸುತ್ತದೆ. ನಮ್ಮ ಬಾಯಿಂದ ಪಂಪನನ್ನು ಕೇಳುವ ವಿದ್ಯಾರ್ಥಿಗೆ ಅದು ತಿಳಿಯುವ ಬಗೆಯೇ ಇಲ್ಲ. ಕೇಶಿರಾಜನಿಗೆ ಕಿವಿಯ ವಿಷಯವಾಗಿದ್ದುದು ಕಾಲಾಂತರದಲ್ಲಿ ಕಣ್ಣಿನ ವಿಷಯವಾಗಿ ಉಳಿದಿದೆ. ಇದರ ಭಾರ ಹೆಚ್ಚಾಗಿ ಬಿದ್ದಿರುವುದು ಅಂಧ ವಿದ್ಯಾರ್ಥಿಯ ಮೇಲೆ.

ಆದ್ದರಿಂದ ಅವನಿಗೆ ಬೇಕಾದುದು ಅಕ್ಷರಕ್ಷರವಾಗಿ ತಡವಿ ನೋಡಬಹುದಾದ ಪಠ್ಯ. ಅದು ಬ್ರೈಲ್ ಆಗಿರಬಹುದು, ಯೂನಿಕೋಡ್ ಕಡತವಾಗಿರಬಹುದು. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಿಂದ ರೂಢಿಯಲ್ಲಿದೆ. ಆರು ಚುಕ್ಕಿಗಳ ಈ ಲಿಪಿಯಲ್ಲಿ ಕನ್ನಡದ ಒತ್ತಕ್ಷರವು ಕೆಳಕ್ಕೆ ಇಳಿಯುವುದಿಲ್ಲ. ವ್ಯಂಜನವು ಸ್ವರರಹಿತವೆಂದು ಸೂಚಿಸುವ ಚುಕ್ಕಿ ಮೊದಲು ಬಂದು ಅಕ್ಷರಗಳು ಒಂದೇ ಸಾಲಿನಲ್ಲಿ ಸಾಗುತ್ತವೆ. ಸಂಯುಕ್ತಾಕ್ಷರವು ಉಚ್ಚಾರಣೆಯ ಕ್ರಮದಲ್ಲಿಯೇ ಬಿಚ್ಚಿಕೊಳ್ಳುವುದರಿಂದ ಕನ್ನಡದ ಧ್ವನಿರಚನೆಯನ್ನು ಅರಿಯಲು ಬ್ರೈಲ್ ಒಂದು ರೀತಿಯಲ್ಲಿ ಅಚ್ಚಿಗಿಂತ ಅನುಕೂಲವೇ. ಆದರೆ ಅಚ್ಚಿನ ಒಂದು ಪುಸ್ತಕ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಎಂ.ಎ. ಪಠ್ಯಕ್ರಮದ ಎಲ್ಲ ಆಕರಗಳನ್ನೂ ಹೀಗೆ ಮಾಡುವುದು ಆಗದ ಕೆಲಸ. ಯೂನಿಕೋಡ್ ಕಡತವೊಂದಿದ್ದರೆ ಅದರಿಂದ ಬ್ರೈಲನ್ನೂ ಪಡೆಯಬಹುದು, ಮಾತನ್ನೂ ಪಡೆಯಬಹುದು, ಮಂದದೃಷ್ಟಿಯವರಿಗೆ ದಪ್ಪಕ್ಷರದ ಪ್ರತಿಯನ್ನೂ ಪಡೆಯಬಹುದು.

ಯೂನಿಕೋಡಿನಲ್ಲಿ ೞಕಾರದ ಕಥೆಯೇ ಒಂದು ಪ್ರಸಂಗ. ಆ ಅಕ್ಷರಕ್ಕೆ ಪಟ್ಟಿಯಲ್ಲಿ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಕನ್ನಡ ಲೆಟರ್ ಫ’ ಎಂದು ದಾಖಲಾಗಿಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದ್ದರಿಂದ ಮೂಲ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಸೇರಿಸಲಾಗಿದೆ. ಹಳಗನ್ನಡ ಬಲ್ಲವರೊಬ್ಬರು ಆ ಕಾಲಕ್ಕೆ ಆ ಮೇಜಿನ ಬಳಿ ಇದ್ದಿದ್ದರೆ ಎಂದು ಅನ್ನಿಸದಿರದು. ಧ್ವನಿಯಂತ್ರಗಳಿಗೆ ಈ ಎರಡು ಹಳೆಯ ಅಕ್ಷರಗಳನ್ನು ಬೇರೆಯಾಗಿ ಗುರುತಿಸಿ ಹೇಳುವುದನ್ನು ಕಲಿಸಬೇಕಾದವರು ಯಾರು? ಎಂಜಿನಿಯರುಗಳು ಯಂತ್ರವನ್ನು ಕಟ್ಟಬಲ್ಲರು. ೞಕಾರ ಎಲ್ಲಿ ಬರುತ್ತದೆಂಬುದನ್ನು ಹೇಳಬೇಕಾದವರು ಕನ್ನಡ ವಿಭಾಗದವರೇ.

ಈ ಬಗೆಯ ಸಹಕಾರಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಒಂದು ತಳಹದಿ ಇದೆ. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಎ.ಜಿ. ರಾಮಕೃಷ್ಣನ್ ಮತ್ತು ಎಚ್.ಆರ್. ಶಿವಕುಮಾರ್ ಅವರು ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಇದು ಅಚ್ಚಿನ ಪುಟದ ಚಿತ್ರವನ್ನು ಯೂನಿಕೋಡ್ ಬರಹವಾಗಿ ಮಾರ್ಪಡಿಸುತ್ತದೆ. 2019ರಲ್ಲಿ ಬೆಳಕಿಗೆ ಬಂದ ಅವರ ಪ್ರಬಂಧದ ಪ್ರಕಾರ, 1970ರಿಂದ 2002ರವರೆಗೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಇದಕ್ಕೆ ಬಳಸಿಕೊಳ್ಳಲಾಗಿದ್ದು ಅವುಗಳಲ್ಲಿ ಹಳಗನ್ನಡದ ಪುಸ್ತಕಗಳೂ ಸೇರಿವೆ. ಪದಗಳನ್ನು ಸರಿಯಾಗಿ ಗುರುತಿಸುವಲ್ಲಿ ಇದು ಗೂಗಲ್‌ನ ಟೆಸರಾಕ್ಟ್‌ಗಿಂತ ಕನ್ನಡದ ಪುಟಗಳಲ್ಲಿ ಶೇ. 4, ಕನ್ನಡ ಲಿಪಿಯ ತುಳು ಮತ್ತು ಸಂಸ್ಕೃತ ಪುಟಗಳಲ್ಲಿ ಶೇ. 8, ಕೊಂಕಣಿ ಪುಟಗಳಲ್ಲಿ ಶೇ. 25ರಷ್ಟು ಮುಂದಿತ್ತೆಂದು ಅವರು ದಾಖಲಿಸಿದ್ದಾರೆ. ಇಂಥ ಯಾವ ತಂತ್ರಾಂಶವೂ ತಪ್ಪಿಲ್ಲದೆ ಓದಲಾರದೆಂಬುದನ್ನೂ ನೆನಪಿಡಬೇಕು. ನೂರಕ್ಕೆ 95 ಪದ ಸರಿಯಾದರೂ 250 ಪದಗಳ ಪುಟವೊಂದರಲ್ಲಿ ಹನ್ನೆರಡು ತಪ್ಪುಗಳು ಉಳಿಯುತ್ತವೆ. ಕಾದಂಬರಿಯಾದರೆ ಸಂದರ್ಭದಿಂದ ಊಹಿಸಿಕೊಳ್ಳಬಹುದು. ಚಂಪೂಕಾವ್ಯದ ಒಂದು ವೃತ್ತದಲ್ಲಿ ಎರಡು ತಪ್ಪು ಸೇರಿದರೆ ಛಂದಸ್ಸೂ ಕೆಡುತ್ತದೆ, ಅರ್ಥವೂ ಕೆಡುತ್ತದೆ. ಕರಡು ತಿದ್ದುವ ಕೆಲಸ ಮನುಷ್ಯರದೇ.

ಹೀಗೆ ಪುಸ್ತಕಗಳನ್ನು ಮಾರ್ಪಡಿಸಿದರೆ ಹಕ್ಕುಸ್ವಾಮ್ಯದ ತೊಂದರೆ ಬರುವುದೆಂಬ ಅಳುಕು ನಮ್ಮ ಗ್ರಂಥಾಲಯಗಳಲ್ಲಿ ವ್ಯಾಪಕವಾಗಿದೆ. ಈ ಅಳುಕಿಗೆ ಆಧಾರವಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಅಧಿನಿಯಮಕ್ಕೆ ಸೇರಿಸಿದ ತಿದ್ದುಪಡಿಯು ಅಂಗವೈಕಲ್ಯವುಳ್ಳವರ ಓದಿಗಾಗಿ, ಶಿಕ್ಷಣ ಮತ್ತು ಸಂಶೋಧನೆಗಾಗಿ, ಲಾಭದ ಉದ್ದೇಶವಿಲ್ಲದೆ ಯಾವುದೇ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ನೀಡಿದೆ. ಲೇಖಕರ ಅನುಮತಿಗೆ ಕಾಯಬೇಕಾಗಿಲ್ಲ. ಇದೇ ಆಶಯದ ಮರಾಕೆಶ್ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಿ ಅಂಗೀಕಾರವಾದ ಬಳಿಕ ಅದನ್ನು ಸ್ಥಿರೀಕರಿಸಿದ ಮೊದಲ ದೇಶ ಭಾರತವೇ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ವಿದ್ಯುನ್ಮಾನ ಗ್ರಂಥಭಂಡಾರವೂ ಆರಂಭವಾಯಿತು. ವಿಭಾಗವೊಂದು ತಾನು ಸಿದ್ಧಪಡಿಸಿದ ಕಡತವನ್ನು ಇಂಥ ಭಂಡಾರಕ್ಕೆ ತಲಪಿಸಿದರೆ ಧಾರವಾಡದ, ಕಲಬುರಗಿಯ, ಕಾಸರಗೋಡಿನ ವಿದ್ಯಾರ್ಥಿಗೂ ಅದೇ ಕೆಲಸವನ್ನು ಮತ್ತೆ ಮಾಡಿಸಿಕೊಳ್ಳುವ ಅಗತ್ಯ ಬೀಳದು. ಇದಕ್ಕಿಂತ ಸುಲಭವಾದ ಇನ್ನೊಂದು ಮಾರ್ಗವೂ ಇದೆ. ಪ್ರಸಾರಾಂಗಗಳು ಪಠ್ಯವನ್ನು ಅಚ್ಚಿಗೆ ಕೊಡುವಾಗಲೇ ಡಿ.ಟಿ.ಪಿ. ಮಾಡುವವರಿಂದ ಯೂನಿಕೋಡ್ ಕಡತವನ್ನು ಪಡೆದಿಟ್ಟುಕೊಳ್ಳಬೇಕೆಂದು ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಸಾಕು; ಖರ್ಚಿಲ್ಲ.

ಪಠ್ಯವನ್ನು ದಾಟಿ ಪರೀಕ್ಷೆಗೆ ಬಂದರೆ ಲಿಪಿಕಾರನ ಪ್ರಶ್ನೆ ಏಳುತ್ತದೆ. ಕೇಂದ್ರದ ಮಾರ್ಗಸೂಚಿ 2013ರಲ್ಲಿ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಕಾಲವನ್ನು ಹೇಳಿತು. 2018ರ ಮಾರ್ಗಸೂಚಿಯು, ಅಭ್ಯರ್ಥಿಯೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದಿತು. ಬೆರಳುಗಳ ಸೆಳೆತದಿಂದ ಬರೆಯಲಾರದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಫೆಬ್ರವರಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶೇ. 40ರ ಪ್ರಮಾಣಪತ್ರ ಇಲ್ಲದವರಿಗೂ ಅಗತ್ಯವಿದ್ದಲ್ಲಿ ಲಿಪಿಕಾರನ ನೆರವು ಹಕ್ಕಾಗಿ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಈ ನಿಯಮಗಳೆಲ್ಲ ಲಿಪಿಕಾರನಿಗೆ ಪರೀಕ್ಷೆಯ ಭಾಷೆ ಬರೆಯಲು ಬರುತ್ತದೆಂದು ಭಾವಿಸಿಕೊಂಡಿವೆ. ಎಂಜಿನಿಯರಿಂಗ್ ಕಾಲೇಜುಗಳಿಂದ ತುಂಬಿದ ಯಲಹಂಕ, ಹೆಬ್ಬಾಳಗಳ ಭಾಗದಲ್ಲಿ ಸ್ವಯಂಸೇವಕರಾಗಿ ಬರುವವರು ಬಹುಪಾಲು ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗಳು. ಅವರ ಸದ್ಭಾವವನ್ನು ಎಷ್ಟು ಮೆಚ್ಚಿದರೂ ಸಾಲದು. ಆದರೆ ‘ಪೞಗನ್ನಡ’ ಎಂದು ಹೇಳಿದರೆ ಅವರು ಬರೆಯುವುದು ‘ಪಳಗನ್ನಡ’.

ಮೇಲೆ ಹೇಳಿದ ವಿದ್ಯಾರ್ಥಿಯ ವಿಷಯದಲ್ಲಿ ಇದೇ ನಡೆಯಿತು. ಕಂದಪದ್ಯವನ್ನು ಕೇಳಿದೊಡನೆ ಮೇಜಿನ ಮೇಲೆ ಬೆರಳು ತಟ್ಟುತ್ತ ಮೊದಲ ಸಾಲಿನ 12 ಮಾತ್ರೆ, ಎರಡನೆಯ ಸಾಲಿನ 20 ಮಾತ್ರೆಗಳನ್ನು ಎಣಿಸಿ, ಆರನೆಯ ಗಣ ಮಧ್ಯಗುರುವೋ ಸರ್ವಲಘುವೋ ಎಂಬುದನ್ನು ತರಗತಿಯ ಉಳಿದೆಲ್ಲರಿಗಿಂತ ಮೊದಲೇ ಹೇಳುತ್ತಿದ್ದ. ಪರೀಕ್ಷೆಯಲ್ಲಿ ‘ಪ್ರಸ್ತಾರ ಹಾಕಿ ಛಂದಸ್ಸನ್ನು ಹೆಸರಿಸಿ’ ಎಂಬ ಪ್ರಶ್ನೆ ಬಂದಿತು. ಲಘುಗುರುಗಳ ಚಿಹ್ನೆಗಳನ್ನು ಅಕ್ಷರದ ನೆತ್ತಿಯ ಮೇಲೆ ಹಾಕಬೇಕೆಂಬುದು ಲಿಪಿಕಾರನಿಗೆ ತಿಳಿಯದು. ಅವನು ‘ಲಘು, ಲಘು, ಗುರು’ ಎಂದು ಹೇಳಿದಂತೆಯೇ ಮಾತಿನಲ್ಲಿ ಬರೆದ. ಮೌಲ್ಯಮಾಪಕರು ‘ಪ್ರಸ್ತಾರವಿಲ್ಲ’ ಎಂದು ಷರಾ ಬರೆದು ಸೊನ್ನೆ ಕೊಟ್ಟರು. ಬೇರೆಡೆ ಕಾಗುಣಿತದ ದೋಷಗಳಿಗೂ ಅಂಕಗಳು ಕಳೆದವು. ಆ ದೋಷಗಳು ಯಾರವೆಂದು ಉತ್ತರಪತ್ರಿಕೆ ಹೇಳುವುದಿಲ್ಲ. ಮರುಮೌಲ್ಯಮಾಪನಕ್ಕೆ ಹಾಕಿದ ಅರ್ಜಿಯಲ್ಲಿ ಈ ಕಾರಣವನ್ನು ಬರೆಯಲು ಅಂಕಣವೇ ಇರಲಿಲ್ಲ.

ಇಲ್ಲಿ ವಿಚಾರಿಸಬೇಕಾದುದು ಪ್ರಶ್ನೆಯ ಗುರಿಯೇನು ಎಂಬುದನ್ನು. ನಾಗವರ್ಮನ ಛಂದೋಂಬುಧಿಯಿಂದ ಇಂದಿನವರೆಗೆ ಛಂದಸ್ಸು ಎಂಬುದು ಕಿವಿಯ ಶಾಸ್ತ್ರ. ನೆತ್ತಿಯ ಮೇಲಿನ ಗೀಟುಗಳು ಅದನ್ನು ಕಾಗದದ ಮೇಲೆ ಹಿಡಿದಿಡುವ ಒಂದು ಅನುಕೂಲ, ಅಷ್ಟೆ. ‘ಲ, ಲ, ಗು’ ಎಂದು ಸಾಲಾಗಿ ಬರೆದರೂ, ಪರೀಕ್ಷಕರ ಎದುರಿಗೆ ವಾಚಿಸಿ ಗಣ ಬಿಡಿಸಿದರೂ ಪರೀಕ್ಷೆಗೆ ಒಳಗಾಗುವ ಜ್ಞಾನ ಒಂದೇ. ಅಧಿನಿಯಮವು ‘ಸಮಂಜಸ ಹೊಂದಾಣಿಕೆ’ ಎನ್ನುವುದು ಇದನ್ನೇ. ರಿಯಾಯಿತಿ ಅಂಕವನ್ನು ಯಾರೂ ಕೇಳುತ್ತಿಲ್ಲ. ಕಾಗುಣಿತವನ್ನು ಪರೀಕ್ಷಿಸಲೇಬೇಕಾದರೆ ಯೂನಿಕೋಡ್ ಕೀಲಿಮಣೆಯಲ್ಲಿ ತಾನೇ ಬರೆಯಲು ಬಿಡಬಹುದು. ಆಗ ತಪ್ಪೂ ಅವನದೇ, ಅಂಕವೂ ಅವನದೇ.

ಶಾಸನಶಾಸ್ತ್ರದ ಪತ್ರಿಕೆಯು ಅಂಧರಿಗೆ ಆಗದೆಂದು ಹೇಳಿ ಬೇರೆ ಐಚ್ಛಿಕವನ್ನು ಸೂಚಿಸುವ ರೂಢಿಯೊಂದು ಕೆಲವೆಡೆ ಇದೆ. ಆದರೆ ಶಾಸನದಷ್ಟು ಬೆರಳಿಗೆ ಹತ್ತಿರವಾದ ಬರಹ ಇನ್ನೊಂದಿಲ್ಲ, ಅದು ಕೊರೆದದ್ದು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆತ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದು. ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನಗಳ ಸಾಲಿಗೆ ಅದು ಸೇರುತ್ತದೆ. ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಕೈಗೊಂಡಿತು. ಅಂಥ ದತ್ತಾಂಶದಿಂದ ಕಲ್ಲಿನ ಪಡಿಯಚ್ಚನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸುವುದು ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೆ ಕಷ್ಟದ ಕೆಲಸವಲ್ಲ. ಅಕ್ಷರಗಳನ್ನು ಒಂದೂವರೆಪಟ್ಟು ದೊಡ್ಡದು ಮಾಡಿ, ಕೊರೆತವನ್ನು ತುಸು ಆಳಗೊಳಿಸಿ ಮುದ್ರಿಸಿದರೆ ಗಂಗರ ಕಾಲದ ಲಿಪಿಯನ್ನು ಕಣ್ಣಿರುವ ವಿದ್ಯಾರ್ಥಿಗಳೂ ಇನ್ನಷ್ಟು ಚೆನ್ನಾಗಿ ಕಲಿತಾರು.

ಆ ವಿದ್ಯಾರ್ಥಿಯ ಎರಡನೆಯ ವರ್ಷದಲ್ಲಿ ತರಗತಿಯ ಹದಿನಾಲ್ಕು ಮಂದಿ ಹಳಗನ್ನಡದ ನಿಗದಿತ ಭಾಗವನ್ನು ತಲಾ ನಾಲ್ಕು ಪುಟಗಳಂತೆ ಹಂಚಿಕೊಂಡು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರು. ಕರಡು ತಿದ್ದುವ ಕೆಲಸವನ್ನು ಅವನೇ ವಹಿಸಿಕೊಂಡ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅಕ್ಷರಕ್ಷರವಾಗಿ ಓದಿಸಿಕೊಂಡು, ೞಕಾರ ಬರಬೇಕಾದ ಕಡೆ ಳಕಾರ ಬಿದ್ದ ಜಾಗಗಳನ್ನು ನಿಘಂಟಿನ ನೆರವಿನಿಂದ ಪಟ್ಟಿಮಾಡಿ ತಂದ. ಅವುಗಳಲ್ಲಿ ಹಲವು ಬೆರಳಚ್ಚಿನ ತಪ್ಪುಗಳು. ಮೂರು ಮಾತ್ರ ನಾವು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದ ಅಚ್ಚಿನ ಪುಸ್ತಕದಲ್ಲಿಯೇ ಇದ್ದವು.